ಬೋರಲು ಬಿದ್ದ ಹರವಿ

ಜಮಖಂಡಿಯಿಂದ ಹೊರಡುವ ಬಸ್ಸುಗಳಲ್ಲಿ ನಾನು ಕಂಡಕ್ಟರ್. ರಬಕವಿ-ಬನಹಟ್ಟಿ, ಮುಧೋಳ, ಬೀಳಗಿ, ಇವೇ ನನ್ನ ದಾರಿಗಳು. ಈ ನೌಕರಿಗೆ ಸೇರಿದ ಮೇಲೆ ಮನುಷ್ಯನ ಕಣ್ಣು ಬೇರೆಯಾಗಿಬಿಡುತ್ತದೆ. ಟಿಕೆಟ್ ತೆಗೆಸದವನು ಕಿಟಕಿಯಾಚೆ ನೋಡುತ್ತಾನೆ. ಆ ಗಳಿಗೆಯಲ್ಲಿ ಅವನಿಗೆ ಕಬ್ಬಿನ ಹೊಲದ ಮೇಲೆ ಎಲ್ಲಿಲ್ಲದ ಪ್ರೀತಿ. ಇಳಿಯಬೇಕಾದ ಊರು ದಾಟಿ ಹೋಗುವವನು ನಿದ್ದೆ ಬಂದವನಂತೆ ತಲೆ ತೂಗುತ್ತಾನೆ. ಬೇರೆಯವರ ಆಧಾರ್ ಕಾರ್ಡು ಹಿಡಿದು ಹತ್ತಿದ ಹೆಣ್ಣುಮಗಳು ಕಾರ್ಡು ತೋರಿಸುವ ಮೊದಲೇ ಜಗಳ ತೆಗೆಯುತ್ತಾಳೆ. ಇದೆಲ್ಲ ನನಗೆ ಮುಖ ನೋಡಿದ ಕೂಡಲೇ ತಿಳಿಯುತ್ತದೆ. ಮನೆಗೆ ಬಂದರೂ ಈ ಕಣ್ಣು ಮುಚ್ಚುವುದಿಲ್ಲ. "ನಿಮ್ಮ ಕಣ್ಣಾಗ ಇಡೀ ಜಗತ್ತ ಟಿಕೆಟ್ ಇಲ್ದನ ಕುಂತೈತಿ" ಎಂದು ನನ್ನ ಹೆಂಡತಿ ಅನ್ನುತ್ತಾಳೆ. ಕುಳಿತಿಲ್ಲ ಅಂತ ಅವಳಿಗೇನು ಖಾತ್ರಿ?

ನಾವು ಕ್ರೈಸ್ತರು. ಮುಧೋಳ ರಸ್ತೆಯ ಕಡೆಗಿರುವ ನಮ್ಮ ಓಣಿಯಲ್ಲಿ ನಮ್ಮದೊಂದೇ ಮನೆ ಹಾಗೆ. ಉಳಿದವರೆಲ್ಲ ತಲೆತಲಾಂತರದಿಂದ ಇಲ್ಲೇ ಇರುವ ಶೈವರ ಮನೆತನದವರು, ಹೊಲ ಇದ್ದವರು, ಅಂಗಡಿ ಇದ್ದವರು, ಈಗ ಕೆಲವರು ಸರ್ಕಾರಿ ನೌಕರಿ ಹಿಡಿದವರು. ಯಾರೂ ನಮಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ಹಾಗಂತ ನಾನು ನಿಶ್ಚಿಂತೆಯಿಂದ ಇದ್ದವನೂ ಅಲ್ಲ. ಕೆಟ್ಟ ಮಾತು ಆಡದವನ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯುವುದು ಇನ್ನೂ ಕಷ್ಟ.

ನನ್ನ ಅಪ್ಪ ಬೀಳಗಿಯ ಒಂದು ಕಚೇರಿಯಲ್ಲಿ ಜವಾನರಾಗಿದ್ದು ನಿವೃತ್ತರಾದವರು. ನಾನು ಚಿಕ್ಕವನಿದ್ದಾಗ ನಾವು ಬೀಳಗಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಒಂದು ಕ್ರಿಸ್‌ಮಸ್ಸಿಗೆ ಅಪ್ಪ ಬಿದಿರ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರದಂಥ ಚುಕ್ಕಿ ಮಾಡಿ, ಒಳಗೊಂದು ಬಲ್ಬು ಇಟ್ಟು, ಬಾಗಿಲ ಮೇಲೆ ಕಟ್ಟಿದರು. ಓಣಿಯ ಮಂದಿ ಬಂದು ನೋಡಿ ಹೋದರು. ಹಬ್ಬ ಮುಗಿದ ಮೇಲೆ ಮನೆಯ ಮಾಲಕ ಬಂದು, ಮನೆ ತಮ್ಮ ಮಗಳಿಗೆ ಬೇಕಾಗಿದೆ, ಬಿಟ್ಟುಕೊಡಿ ಎಂದ. ಅವನ ಮಗಳು ಆ ಮನೆಗೆ ಬರಲೇ ಇಲ್ಲ, ನಾವು ಹೋದ ಮೇಲೆ ಬಹಳ ದಿನ ಅದು ಖಾಲಿ ಇತ್ತು. ಅಂದಿನಿಂದ ಅಪ್ಪ ಚುಕ್ಕಿಯನ್ನು ಮನೆಯ ಒಳಗೆ, ನಡುಮನೆಯ ಜಂತಿಗೆ ಕಟ್ಟುತ್ತಾರೆ. ಜಮಖಂಡಿಯಲ್ಲಿ ಸ್ವಂತ ಮನೆ ಆದ ಮೇಲೂ ಅಷ್ಟೇ. "ದೇವರಿಗೆ ಕಾಣತೈತಿ, ಸಾಕು" ಎನ್ನುತ್ತಾರೆ. ಒಳಗೆ ಕಟ್ಟಿದ್ದನ್ನು ಬಿಚ್ಚಲು ಅವಸರವೇನಿದೆ, ವರ್ಷವಿಡೀ ಅದು ಅಲ್ಲೇ ದೂಳು ತಿನ್ನುತ್ತಾ ತೂಗಾಡುತ್ತದೆ.

ನಮ್ಮ ಸಭೆ ಕೂಡುವುದು ಬನಹಟ್ಟಿಯಲ್ಲಿ. ಅಲ್ಲಿನ ಕ್ರೈಸ್ತರಲ್ಲಿ ಹೆಚ್ಚಿನವರು ನೇಕಾರರು. ರವಿವಾರ ಒಂದು ದಿನ ಮಗ್ಗದ ಸದ್ದು ಕಿವಿಯಿಂದ ಇಳಿಯುವುದರೊಳಗೆ ಆರಾಧನೆ ಮುಗಿದಿರುತ್ತದೆ. ಈ ಸಲ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಸುರುವಾದಾಗ ಸಭಾಪಾಲಕರು ಗಂಡಸರನ್ನಷ್ಟೇ ಹಿಂದೆ ಉಳಿಸಿಕೊಂಡರು. ಹೆಂಗಸರು ಹಿಡಿದದ್ದನ್ನು ಬಿಡುವುದಿಲ್ಲ, ಗಂಡಸರು ಹಿಡಿಯುವುದೇ ಬಿಡಲಿಕ್ಕೆ, ಎಂದು ಸುರುಮಾಡಿದರು. ಒಬ್ಬೊಬ್ಬರೂ ಒಂದೊಂದು ಕೆಲಸ ಹಿಡಿಯಿರಿ, ದೊಡ್ಡದು ಬೇಡ, ಈಸ್ಟರಿಗೆ ನಿಲ್ಲಿಸಬೇಡಿ, ಮಳೆ ಬೀಳುವ ತನಕ ನಡೆಸಿ ತೋರಿಸಿ ಎಂದರು. ಒಬ್ಬ ಗುಟ್ಕಾ ಬಿಡುತ್ತೇನೆ ಎಂದ. ಒಬ್ಬ ಅಣ್ಣನ ಜೊತೆ ಮಾತಾಡುತ್ತೇನೆ ಎಂದ. ನನ್ನ ಸರದಿ ಬಂದಾಗ ಹಿಂದಿನ ಬೆಂಚಿನಲ್ಲಿ ನಗೆ ಹುಟ್ಟಿತು. ಹುಟ್ಟಲಿಕ್ಕೆ ಕಾರಣವಿತ್ತು. ಹಾರ್ಮೋನಿಯಂ ಕಲಿಯುತ್ತೇನೆಂದು ತಂದು ಮೂಲೆಗಿಟ್ಟವನು ನಾನು. ಆಡು ಸಾಕುತ್ತೇನೆಂದು ಗೂಡು ಕಟ್ಟಿ, ಆಡು ಬರುವ ಮೊದಲೇ ಅದರಲ್ಲಿ ಕಟ್ಟಿಗೆ ಒಟ್ಟಿದವನು ನಾನು. ಆರಂಭಶೂರ ಎಂದು ನನ್ನ ಬೆನ್ನ ಹಿಂದೆ ಅನ್ನುವುದಿಲ್ಲ, ಎದುರಿಗೇ ಅನ್ನುತ್ತಾರೆ.

ನಾನು ಅರವಟ್ಟಿಗೆ ಇಡುತ್ತೇನೆ ಎಂದೆ. ನಮ್ಮ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಬಸ್ಸಿಗೆ ಕಾಯುವವರು ನಿಲ್ಲುತ್ತಾರೆ. ಹುನ್ನೂರಿನಿಂದ, ತುಬಚಿಯಿಂದ ಸಂತೆಗೆ ಬಂದವರು, ಆಸ್ಪತ್ರೆಗೆ ಬಂದವರು, ಕೂಸು ಎತ್ತಿಕೊಂಡವರು. ಎರಡು ಮಣ್ಣಿನ ಹರವಿ, ಕುಡಿಯಲು ಒಂದು ಚರಗಿ ಇಟ್ಟು, ಮಳೆ ಬೀಳುವ ತನಕ ಒಂದು ದಿನವೂ ಖಾಲಿ ಬಿಡುವುದಿಲ್ಲ ಎಂದೆ. ಈ ಸಲವೂ ಅರ್ಧಕ್ಕೆ ಕೈಬಿಟ್ಟರೆ ಆ ಬೆಂಚಿನವರ ಮುಖ ನೋಡುವುದು ಹೇಗೆ ಎಂಬುದು ಒಂದು. ಅದಕ್ಕಿಂತ ಒಳಗೆ ಇನ್ನೊಂದಿತ್ತು. ಈ ಓಣಿಯಲ್ಲಿ ನಾನು ಏನಾಗಿದ್ದೇನೋ ಅದಾಗಿಯೇ, ಬಾಗಿಲ ಹೊರಗೆ, ಹಗಲು ಹೊತ್ತಿನಲ್ಲಿ ಒಂದು ಕೆಲಸ ಮಾಡಬೇಕು ಎಂಬ ಹಟ.

ಅದಕ್ಕೇ ಹರವಿಗಳ ಮೇಲೆ ಒಂದು ಹಲಗೆ ತೂಗುಹಾಕಿದೆ. "ಕುಡಿಯುವ ನೀರು. ಯಾರು ಬೇಕಾದರೂ ಕುಡಿಯಿರಿ" ಎಂದು ಬರೆಸಿ, ಕೆಳಗೆ ಒಂದು ಗೇಣಿನಷ್ಟು ಶಿಲುಬೆ ಬರೆಸಿದೆ. ಅಪ್ಪ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತು ನೋಡಿದರು. ಹಲಗೆ ಕಟ್ಟಿ ಇಳಿದ ಮೇಲೆ, "ನೀರ ಇಟ್ಟರ ಸಾಕಾಗತಿದ್ದಿಲ್ಲೇನು?" ಎಂದರು.

"ಏನಾಗತೈತ್ರೀ ಅಪ್ಪಾ? ಎಲ್ಲಾರೂ ಅವರವರ ದೇವರ ಹೆಸರ ಬರೀತಾರ."

"ಬರೀತಾರ. ಅವರು ಬರೀತಾರ" ಎಂದು ಎದ್ದು ಒಳಗೆ ಹೋದರು.

ನಮ್ಮ ಎದುರಿಗೆ ದನದ ಹಿಂಡಿ ಮತ್ತು ಬೂಸಾ ಮಾರುವ ಅಂಗಡಿ. ಅದರ ಯಜಮಾನರನ್ನು ನಾನು ಕಾಕಾ ಎಂದೇ ಕರೆಯುತ್ತೇನೆ. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮಾತು ಕಡಿಮೆ. ಬೇಸಿಗೆಯಲ್ಲಿ ಅಂಗಡಿಯ ಮುಂದೆ ಹೊರಸು ಹಾಕಿಕೊಂಡು ಮಲಗುತ್ತಾರೆ. ಅವರೂ ರಸ್ತೆ ದಾಟಿ ಬಂದು ಹಲಗೆ ಓದಿದರು. "ಛಲೋ ಕೆಲಸ, ತಮ್ಮಾ" ಎಂದರು. ಶಿಲುಬೆಯ ಮೇಲೆ ಕಣ್ಣು ಒಂದು ಗಳಿಗೆ ಹೆಚ್ಚಿಗೆ ನಿಂತಿತು. ನಾನು ಅದನ್ನು ಗಮನಿಸಿದೆ. ನೀರು ಕುಡಿಯದೆ ಹಾಗೇ ಹೋದರು. ಅದನ್ನೂ ಗಮನಿಸಿದೆ.

ಮೊದಲ ದಿನಗಳಲ್ಲಿ ಮಂದಿ ಹರವಿಯ ಹತ್ತಿರ ಬಂದು, ಹಲಗೆ ನೋಡಿ, ಚರಗಿಗೆ ಕೈಹಾಕದೆ ಹಿಂದೆ ಸರಿಯುತ್ತಿದ್ದರು. ಒಬ್ಬಾಕೆ ನನ್ನ ಯೂನಿಫಾರ್ಮು ಗುರುತು ಹಿಡಿದು, "ನೀರ ಕುಡಿಯಾಕೂ ಆಧಾರ ಕಾರ್ಡ ತೋರಸಬೇಕೇನ್ರೀ ಕಂಡಕ್ಟರ್‌ರ?" ಎಂದಳು. ಇನ್ನೊಬ್ಬ ಮೆತ್ತಗೆ, "ಇದಕ್ಕ ನಿಮಗ ಹೊರದೇಶದಿಂದ ಏನರ ಬರತೈತೇನ್ರೀ?" ಎಂದು ಕೇಳಿದ. ನನಗೆ ಬರುವುದು ಮೈಕೈ ನೋವು, ಬೇಕಾದರೆ ಅರ್ಧ ಕೊಡುತ್ತೇನೆ ಎಂದೆ. ಗಡಿಗೆಯ ಬಾಯಿ ಮುಚ್ಚಬಹುದು, ಮಂದಿಯ ಬಾಯಿ ಮುಚ್ಚಲಾದೀತೇ? ಆಮೇಲೆ ಬಿಸಿಲು ಏರಿತು. ಬಿಸಿಲಿಗೆ ಯಾರ ಹಣೆಯ ಮೇಲೆ ಏನಿದೆ ಎಂಬ ಭೇದವಿಲ್ಲ. ಒಬ್ಬರು ಕುಡಿದರು, ಅವರನ್ನು ನೋಡಿ ನಾಲ್ವರು ಕುಡಿದರು. ಸಂಜೆ ಡ್ಯೂಟಿ ಮುಗಿಸಿ ಬಂದು ಹರವಿಯ ತಳ ಕಂಡಾಗ ನನಗೆ ಆಗುತ್ತಿದ್ದ ಸಂತೋಷ ಹೇಳತೀರದು. ಕತ್ತಲಾಗುವ ಮೊದಲು ಮತ್ತೆ ತುಂಬಿ, ಒದ್ದೆ ಗೋಣಿಚೀಲ ಸುತ್ತಿ, ಬೆಳಗಿನ ತನಕ ತಣ್ಣಗಾಗಲಿ ಎಂದು ಬಿಡುತ್ತಿದ್ದೆ.

ಹೀಗಿರುವಾಗ ಒಂದು ಬೆಳಗ್ಗೆ ಎದ್ದು ಬಂದು ನೋಡುತ್ತೇನೆ, ಎರಡೂ ಹರವಿ ಬೋರಲು. ಬಾಯಿ ಕೆಳಗೆ, ತಳ ಮೇಲೆ. ಒಂದು ಹನಿ ನೀರಿಲ್ಲ. ಗೋಣಿಚೀಲ ಮಡಚಿ ಬದಿಗಿಟ್ಟಿದೆ. ಚರಗಿಯನ್ನು ತೊಳೆದು ಕಟ್ಟೆಯ ಮೇಲೆ ಮಗುಚಿಟ್ಟಿದೆ.

ನಮ್ಮ ಕಡೆ ತುಂಬಿದ ನೀರು ಚೆಲ್ಲಿ ಕೊಡ ಬೋರಲು ಹಾಕುವುದು ಸಾವಾದ ಮನೆಯಲ್ಲಿ. ಆ ಮಾತು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಹರವಿಯೇ ಹೇಳುತ್ತಿತ್ತು. ನನಗೆ ಸಿಟ್ಟು ಬಂತು. ಯಾರೋ ಪುಂಡರು ಕಲ್ಲೆಸೆದು ಒಡೆದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಇದು ಕುಡುಕರ ಕೆಲಸವಲ್ಲ. ಒಡೆದರೆ ಪೊಲೀಸರ ಮುಂದೆ ಹೋಗಬಹುದು; ಬೋರಲು ಹಾಕಿದ್ದಾರೆ ಎಂದು ಹೋದರೆ ಅವರೇ ನಗುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಲೆಕ್ಕ ಹಾಕಿ ಮಾಡಿದ ಕೆಲಸ ಇದು ಎಂದುಕೊಂಡೆ.

ಮತ್ತೆ ತುಂಬಿದೆ. ಒಂದೆರಡು ದಿನ ಸುಮ್ಮನಿದ್ದು ಮತ್ತೆ ಬೋರಲು. ನನ್ನ ಬಸ್ಸಿನ ಡ್ರೈವರನ ಮುಂದೆ ಹೇಳಿದೆ. "ನಾಯಿ ಬೀಳಿಸಿರಬೇಕ ಬಿಡೋ" ಎಂದ. ನಾಯಿ ಬೀಳಿಸಿ, ಬಾಯಿ ನೆಲಕ್ಕೆ ಮಾಡಿ, ಚರಗಿ ತೊಳೆದಿಟ್ಟು ಹೋಗುತ್ತದೆಯೇ? ತಿಮ್ಮಾಪುರದಲ್ಲಿ ಸಾಕುವ ಮುಧೋಳ ನಾಯಿಗೂ ಅಷ್ಟು ಶಿಸ್ತು ಇರಲಿಕ್ಕಿಲ್ಲ.

ಅಲ್ಲಿಂದ ಮುಂದೆ ನಾನು ಓಣಿಯನ್ನೇ ಬಸ್ಸು ಮಾಡಿಕೊಂಡು ಮುಖ ನೋಡುತ್ತಾ ನಡೆದೆ. ಬೆಳಗ್ಗೆ ಹಾಲು ಹಾಕುವವನು ನನ್ನನ್ನು ಕಂಡು ಗಂಟೆ ಬಾರಿಸಿದರೆ ಯಾಕೆ ಬಾರಿಸಿದ ಎಂದು ಯೋಚಿಸಿದೆ. ನಿವೃತ್ತ ಮಾಸ್ತರರೊಬ್ಬರು ವಾಯುವಿಹಾರದ ದಾರಿ ಬದಲಿಸಿದರೆ ಯಾಕೆ ಬದಲಿಸಿದರು ಎಂದು ಯೋಚಿಸಿದೆ. ಅಪ್ಪನಿಗೆ ಹೇಳಿದಾಗ ಅವರು ತಾಟಿನಲ್ಲಿದ್ದ ರೊಟ್ಟಿಯನ್ನೇ ನೋಡುತ್ತಾ, "ಬ್ಯಾಡಾಗಿತ್ತು ನೋಡ ಅದು. ಇಷ್ಟ ಆದ ಮ್ಯಾಲೆ ತಗದಬಿಡು" ಎಂದರು. ನನಗೆ ಇನ್ನೂ ಉರಿಯಿತು. ನೋಡು, ಹೊರಗಿನವರು ಮನೆಯ ಮುದುಕನನ್ನು ಹೇಗೆ ಹೆದರಿಸಿಟ್ಟಿದ್ದಾರೆ ಎಂದುಕೊಂಡೆ.

ಒಂದು ನಸುಕಿನಲ್ಲಿ ಕಿಟಕಿಯ ಹಿಂದೆ ಕುಳಿತು ಕಾದೆ. ಅಂದು ಯಾರೂ ಬರಲಿಲ್ಲ. ಇನ್ನೊಂದು ನಸುಕು ಕಾದೆ, ಆಗಲೂ ಇಲ್ಲ. ಕಾಯುವುದು ಬಿಟ್ಟ ಮರುದಿನವೇ ಹರವಿ ಬೋರಲು. ಅಂದರೆ ನಾನು ಕಾಯುವುದು ಅವನಿಗೆ ಗೊತ್ತಾಗುತ್ತಿದೆ. ಅಂದರೆ ಅವನಿಗೆ ನಮ್ಮ ಕಿಟಕಿ ಕಾಣುತ್ತದೆ. ನಮ್ಮ ಕಿಟಕಿ ಕಾಣುವ ಜಾಗದಲ್ಲಿ ಮಲಗುವವರು ಒಬ್ಬರೇ. ಎದುರಿನ ಹೊರಸಿನ ಕಾಕಾ. ಊರೆಲ್ಲ ಕುಡಿದರೂ ನಮ್ಮ ಹರವಿಯ ನೀರು ಬಾಯಿಗೆ ಹಾಕದವರೂ ಅವರೊಬ್ಬರೇ. ನನ್ನ ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ.

ಮಾರನೆಯ ದಿನ ರಸ್ತೆ ದಾಟಿ ಹೋದೆ. ಕಾಕಾ ತಕ್ಕಡಿಯಲ್ಲಿ ಶೇಂಗಾ ಹಿಂಡಿ ತೂಗುತ್ತಿದ್ದರು. ಹಳ್ಳಿಯಿಂದ ಬಂದ ಗಿರಾಕಿಗಳು ಚೀಲ ಹಿಡಿದು ನಿಂತಿದ್ದರು.

"ಕಾಕಾ, ನಮ್ಮ ಹರವಿ ನಿಮಗ ಏನ ಮಾಡ್ಯಾವ್ರೀ?" ಎಂದೆ.

"ಏನ ಮಾಡ್ಯಾವ?"

"ಮತ್ಯಾಕ ಬೋರಲ ಹಾಕತೀರಿ?"

ಗಿರಾಕಿಗಳು ತಿರುಗಿ ನೋಡಿದರು. ಕಾಕಾ ನನ್ನ ಮುಖ ನೋಡಲಿಲ್ಲ, ತಕ್ಕಡಿಯ ಮುಳ್ಳು ನೋಡಿದರು. ಕಿಟಕಿಯಾಚೆ ನೋಡುವವರನ್ನು ನಾನು ದಿನಾ ನೋಡುತ್ತೇನೆ. ನನಗೆ ಖಾತ್ರಿಯಾಯಿತು.

"ತಮ್ಮಾ, ನೀ ನೀರ ತುಂಬೂದ ಬಿಡಬ್ಯಾಡ" ಎಂದರು.

"ನಾ ಕೇಳಿದ್ದಕ್ಕ ಹೇಳ್ರಿ. ನೀವು ಹಾಕಿಲ್ಲಂದ್ರ ಹಾಕಿಲ್ಲ ಅನ್ರಿ."

"ಅಂದ್ರ ನಂಬತೀಯೇನು?"

ನಂಬುತ್ತಿರಲಿಲ್ಲ. ಅದು ನನ್ನ ಮುಖದಲ್ಲೇ ಕಂಡಿರಬೇಕು. "ಮತ್ತ ಬಿಡು" ಎಂದು ಅವರು ಚೀಲಕ್ಕೆ ಹಿಂಡಿ ಸುರಿದರು. ನಾಲ್ಕು ಮಂದಿಯ ಎದುರಿಗೆ ಕಳ್ಳನಂತೆ ನಿಲ್ಲಿಸಿದರೂ ಇಲ್ಲ ಎನ್ನದವನು ಕಳ್ಳನಲ್ಲದೆ ಮತ್ತೇನು? ಗೆದ್ದವನಂತೆ ರಸ್ತೆ ದಾಟಿ ಬಂದೆ. ಕಟ್ಟೆಯ ಮೇಲೆ ಅಪ್ಪ ಎದ್ದು ನಿಂತಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು. "ಸಾವಕಾರ್ರಿಗೆ ಹಂಗ ಅನ್ನಬಾರದಿತ್ತು" ಎಂದು ಒಂದೇ ಮಾತು ಅಂದು ಒಳಗೆ ಹೋಗಿ ಮಲಗಿಕೊಂಡರು.

ಆ ರವಿವಾರ ಬನಹಟ್ಟಿಗೆ ಹೋದಾಗ ಗುಟ್ಕಾ ಬಿಟ್ಟವನು ಮತ್ತೆ ಹಿಡಿದಿದ್ದ, ಅಣ್ಣನ ಜೊತೆ ಮಾತಾಡಲು ಹೋದವನು ಜಗಳಾಡಿ ಬಂದಿದ್ದ. ನಾನೂ ಬಿಟ್ಟುಬಿಡುವ ಮನಸ್ಸು ಮಾಡಿಕೊಂಡೇ ಹೋಗಿದ್ದೆ. ದಿನಾ ತುಂಬುವುದು ಕಷ್ಟವಲ್ಲ; ತುಂಬುವಾಗ ಇದನ್ನು ನಾಳೆ ಯಾರೋ ಚೆಲ್ಲುತ್ತಾರೆ ಎಂದು ಗೊತ್ತಿದ್ದೂ ತುಂಬುವುದು ಕಷ್ಟ. ಒಬ್ಬ ಹಿರಿಯ ನೇಕಾರರು ನನ್ನ ದೂರು ಕೇಳಿ, "ಎಳಿ ಹರಿದ್ರ ನಾವು ಗಂಟ ಹಾಕಿ ಮಗ್ಗ ಸುರು ಮಾಡತೇವಿ. ಯಾರು ಹರದ್ರು ಅಂತ ಹುಡುಕಿಕೋತ ಕುಂತ್ರ ಸೀರಿ ಆಗೂದಿಲ್ಲ" ಎಂದರು. "ನಿಮ್ಮ ಎಳಿಗೆ ಬಾಯಿಲ್ಲರಿ, ನಮ್ಮ ಓಣಿಗೆ ಐತಿ" ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಆದರೂ ಸಂಜೆ ಬಂದು ಹರವಿ ತುಂಬಿದೆ. ತಾಳಿದವನು ಬಾಳಿಯಾನು ಅನ್ನುತ್ತಾರಲ್ಲ, ಆ ಹೊತ್ತಿಗೆ ನನ್ನಲ್ಲಿದ್ದದ್ದು ತಾಳ್ಮೆಯಲ್ಲ, ಕಾಕಾನ ಮೇಲಿನ ಛಲ.

ಮರುದಿನ ನನ್ನನ್ನು ಬೀಳಗಿಯ ಮೊದಲ ಬಸ್ಸಿಗೆ ಹಾಕಿದ್ದರು. ಹರವಿಗಳು ತುಂಬಿ ನಿಂತದ್ದನ್ನು ನೋಡಿಯೇ ಮನೆ ಬಿಟ್ಟೆ. ಡಿಪೋಕ್ಕೆ ಹೋದರೆ ಆ ಬಸ್ಸು ಕೆಟ್ಟು ನಿಂತಿತ್ತು, ಬೇರೆ ಗಾಡಿ ಬರುವುದು ತಡ, ಮನೆಗೆ ಹೋಗಿ ಬನ್ನಿ ಎಂದರು. ತಿರುಗಿ ಓಣಿಯ ಬಾಯಿಗೆ ಬಂದಾಗ ಪೂರ್ವದಲ್ಲಿ ಬೆಳಕು ಮೂಡುತ್ತಿತ್ತು. ಬೇವಿನ ಗಿಡದ ಕೆಳಗೆ ಯಾರೋ ಕುಕ್ಕರುಗಾಲಲ್ಲಿ ಕುಳಿತಿದ್ದರು. ಸಿಕ್ಕಿಬಿದ್ದೆ ಮಗನೇ ಎಂದುಕೊಂಡು ಎರಡು ಹೆಜ್ಜೆ ಓಡಿದೆ.

ಅಪ್ಪ.

ಅವರು ಹರವಿಯನ್ನು ಎರಡೂ ತೋಳಲ್ಲಿ ತಬ್ಬಿ ಹಿಡಿದು, ನಿಧಾನಕ್ಕೆ ಬಾಗಿಸಿ, ನೀರು ಬೇವಿನ ಬೇರಿಗೇ ಹೋಗುವಂತೆ ಸುರಿಯುತ್ತಿದ್ದರು. ನೀರನ್ನು ಹಾಳುಮಾಡಲು ಅವರಿಗೆ ಮನಸ್ಸು ಬಾರದು. ಮುಗಿದ ಮೇಲೆ ಬಾಯಿ ಕೆಳಗೆ ಮಾಡಿ ಉಸುಕಿನ ಮೇಲೆ ಕೂರಿಸಿದರು, ಎಲ್ಲಿಯೂ ಚಿಪ್ಪು ಏಳದಂತೆ. ಚರಗಿ ತೊಳೆದಿಟ್ಟರು. ಎದುರಿಗೆ ಹೊರಸಿನ ಮೇಲೆ ಕಾಕಾ ಎದ್ದು ಕುಳಿತಿದ್ದರು. ಅವರು ಅಪ್ಪನನ್ನು ನೋಡುತ್ತಿದ್ದರು. ಅಪ್ಪ ತಲೆ ಎತ್ತುವುದಕ್ಕೆ ಸರಿಯಾಗಿ ಅವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಆಗಲೇ ಅವರಿಗೆ ನಾನು ಕಂಡೆ. ಅಪ್ಪನಿಗೆ ತಿಳಿಯದ ಹಾಗೆ, ತೊಡೆಯ ಮೇಲಿದ್ದ ಅಂಗೈಯನ್ನು ಸ್ವಲ್ಪ ಎತ್ತಿ, ಅಲ್ಲೇ ನಿಲ್ಲು ಎಂದು ಸನ್ನೆ ಮಾಡಿದರು. ನಿಂತೆ. ಅಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಹೋಗಿ ಹೊರಸಿನ ತುದಿಗೆ ಕುಳಿತೆ.

"ನಿಮಗ ಗೊತ್ತಿತ್ತು."

"ಮೊದಲನೇ ದಿನದಿಂದ ಗೊತ್ತೈತಿ."

"ಮತ್ತ ನಾ ಮಂದಿ ಮುಂದ ಹಂಗ ಅಂದಾಗ, ನಾ ಹಾಕಿಲ್ಲ ಅಂತ ಒಂದ ಮಾತ ಯಾಕ ಅನಲಿಲ್ಲರಿ?"

"ನಾ ಅಲ್ಲ ಅಂದಿದ್ರ, ಮತ್ತ ಯಾರು ಅಂತಿದ್ದಿ."

ಅದು ಖರೆ. ಬಿಡುತ್ತಿರಲಿಲ್ಲ. "ಹೇಳಬೇಕಾಗಿತ್ತು" ಎಂದೆ.

ಕಾಕಾ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. "ಹೆಂಗ ಹೇಳಲೋ ತಮ್ಮಾ? ನಿಮ್ಮಪ್ಪ ಅಂಜಿ ನೀರ ಚೆಲ್ಲತಾನ ಅಂತ ಹೇಳಿದ್ರ, ಯಾರಿಗೆ ಅಂಜತಾನ ಅಂತ ನೀ ಕೇಳತಿದ್ದಿ. ನಮಗ ಅಂಜತಾನ. ಇಷ್ಟ ವರ್ಷ ಎದುರಾಬದುರಾ ಇದ್ದು, ನನ್ನ ಎದುರಿನ ಮನಷ್ಯಾ ನನಗ ಅಂಜತಾನ ಅಂತ ನನ್ನ ಬಾಯಿಲೆ ನಾ ಹೆಂಗ ಹೇಳಲಿ?"

ನನ್ನ ಕಣ್ಣು ತುಂಬಿತು. ಆದರೆ ನನ್ನ ಜಾತಕವೇ ಹಾಗೆ, ಕಣ್ಣು ಒರೆಸಿಕೊಳ್ಳುತ್ತಲೇ ಒಳಗಿನ ಕಂಡಕ್ಟರ್ ಮತ್ತೊಂದು ಪ್ರಶ್ನೆ ಹಿಡಿದು ನಿಂತ. "ಎಲ್ಲಾ ಆತು ಕಾಕಾ. ಮತ್ತ ನೀವು ಒಂದ ದಿನನೂ ನಮ್ಮ ನೀರ ಯಾಕ ಕುಡದಿಲ್ಲ?"

"ಅದು ಹಾದೀಲೆ ಹೋಗೂ ಮಂದಿಗೆ ಇಟ್ಟದ್ದು" ಎಂದರು ಕಾಕಾ. "ನಾ ಹಾದೀಲೆ ಹೋಗಾಂವ ಅಲ್ಲ. ಎದುರಮನಿಯಾಂವ. ಎದುರಮನಿಯಾವ್ರನ್ನ ಒಳಗ ಕರದು ನೀರ ಕೊಡತಾರ. ನಿಮ್ಮ ಮನ್ಯಾಗ ನನ್ನ ಇನ್ನೂ ಯಾರೂ ಕರದಿಲ್ಲ."

ಇದು ಖರೆಯೋ, ತಪ್ಪಿಸಿಕೊಳ್ಳುವ ಜಾಣತನವೋ ನನಗೆ ಗೊತ್ತಾಗಲಿಲ್ಲ. ಕರೆದಿಲ್ಲ ಎಂಬುದು ಮಾತ್ರ ಖರೆ. ಅಪ್ಪ ಯಾರನ್ನೂ ಒಳಗೆ ಕರೆದವರಲ್ಲ. ಕಟ್ಟೆಯ ಮೇಲೇ ಕೂರಿಸಿ, ಅಲ್ಲೇ ಮಾತಾಡಿಸಿ ಕಳಿಸುತ್ತಾರೆ. ಒಳಗೆ ಚುಕ್ಕಿ ಇದೆ.

ಅಂದು ಸಂಜೆ ನಾನು ಹರವಿ ತುಂಬುವಾಗ ಅಪ್ಪ ಕಟ್ಟೆಯ ಮೇಲಿದ್ದರು. ನಾನು ತಲೆ ಎತ್ತದೆಯೇ ಹೇಳಿದೆ: "ಅಪ್ಪಾ, ಹರವಿ ಬಾಳ ಭಾರ ಅದಾವ. ನಿಮ್ಮ ರಟ್ಟಿ ನೋಯತಾವ. ನಾಳೆ ಚೆಲ್ಲೂವಾಗ ನನ್ನೂ ಎಬ್ಬಸ್ರಿ, ಇಬ್ಬರೂ ಕೂಡಿ ಚೆಲ್ಲೂಣು."

ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಹೋಯಿತು. ಅದು ದೂರವಾದ ಮೇಲೆ ಅಪ್ಪ, "ಬೀಳಗಿ ಮನಿ ಮಾಲಕನೂ ಛಲೋ ಮನಷ್ಯಾನ ಇದ್ದ" ಎಂದರು. "ನಿನಗ ನೆನಪಿಲ್ಲ. ನಿನಗ ಜ್ವರ ಬಂದಾಗ ಅಂವನ ನಿನ್ನ ಎತಗೊಂಡು ದವಾಖಾನಿಗೆ ಓಡಿದ್ದ. ಕೆಟ್ಟ ಮಂದಿ ಬಂದ್ರ ನನಗ ಅಂಜಿಕಿ ಇಲ್ಲೋ. ಛಲೋ ಮಂದಿ ಯಾವಾಗ ಬದಲಾಗತಾರ ಅನ್ನೂದು ತಿಳಿಯೂದಿಲ್ಲ."

ನನ್ನ ಈ ಕಣ್ಣು ನೌಕರಿಯಿಂದ ಬಂದದ್ದು ಎಂದು ಇಷ್ಟು ದಿನ ಹೇಳಿಕೊಂಡು ತಿರುಗುತ್ತಿದ್ದೆ. ಅದು ಅಪ್ಪನ ಕಣ್ಣು. ಅವರು ಒಳಗೆ ಕುಳಿತು ನೋಡುತ್ತಿದ್ದದ್ದನ್ನು ನಾನು ಬಸ್ಸಿನಲ್ಲಿ ನಿಂತು ನೋಡುತ್ತಿದ್ದೆ, ಅಷ್ಟೇ. ಕಾಕಾ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ. ಯಾರೂ ಕರೆದಿಲ್ಲ ಅಂದದ್ದನ್ನೂ ಹೇಳಿದೆ.

"ಕರದ್ರ ಬರಲಿಲ್ಲಂದ್ರ?" ಎಂದರು ಅಪ್ಪ.

"ಬರಲಿಲ್ಲಂದ್ರ ಈಗ ಹೆಂಗ ಅದೇವಿ ಹಂಗ ಇರತೇವಿ. ಅದಕ್ಕಿಂತ ಕೆಟ್ಟದ್ದೇನೂ ಆಗೂದಿಲ್ಲ."

ಮರುದಿನ ನಸುಕಿನಲ್ಲಿ ಅಪ್ಪ ನಿಜವಾಗಿಯೂ ಬಂದು ನನ್ನ ಕಾಲು ಮುಟ್ಟಿ ಎಬ್ಬಿಸಿದರು. ಇಬ್ಬರೂ ಕೂಡಿ ಹರವಿ ಬಾಗಿಸಿ ಬೇವಿಗೆ ನೀರು ಬಿಟ್ಟೆವು. ಅವರು ಎಂದಿನಂತೆ ಬೋರಲು ಹಾಕಿಟ್ಟರು. ನಾನು ಎತ್ತಿ ನೇರ ಮಾಡಿ, ಒಳಗೆ ಕೈಹಾಕಿ ತಿಕ್ಕಿ ತೊಳೆದು, ಹೊಸ ನೀರು ತುಂಬಿದೆ. ಅವರು ಬೇಡ ಅನ್ನಲಿಲ್ಲ. ದಿನಾ ಅದೇ ಕೆಲಸವಾಯಿತು. ಅವರು ಅಂಜಿ ಚೆಲ್ಲುವುದು, ನಾನು ತೊಳೆದು ತುಂಬುವುದು. ವಾಯುವಿಹಾರದ ಮಾಸ್ತರರು ಒಂದು ದಿನ ನಿಂತು, ದಿನಾ ಹರವಿ ತೊಳೆದು ತುಂಬುವ ಅರವಟ್ಟಿಗೆ ಜಮಖಂಡಿಯಲ್ಲಿ ಇದೊಂದೇ ಎಂದು ಹೊಗಳಿ ಹೋದರು. ಹೊಗಳಿದ್ದು ಯಾಕೆ ಎಂದು ನಾನು ಯೋಚಿಸದೆ ಇರಲಿಲ್ಲ. ಈಸ್ಟರ್ ಬಂತು, ಹೋಯಿತು. ಹಲಗೆ ತೂಗುತ್ತಲೇ ಇತ್ತು. ಕಾಕಾ ಹೊರಸಿನ ಮೇಲೆ ಕುಳಿತು ನಮ್ಮನ್ನು ನೋಡುತ್ತಿದ್ದರು, ಅಪ್ಪ ತಲೆ ಎತ್ತಿದರೆ ಗೋಡೆಯ ಕಡೆ ತಿರುಗುತ್ತಿದ್ದರು. ನಾನು ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದದ್ದು ಅದೇ ಮೊದಲು.

ಮುಗಿಲು ಕಪ್ಪಾಗತೊಡಗಿದ ದಿನಗಳಲ್ಲಿ ಒಂದು ಬೆಳಗ್ಗೆ, ಹರವಿ ಬಾಗಿಸಲು ನಾನು ಕೈಹಾಕಿದರೆ ಅಪ್ಪ ಕೈಹಾಕಲಿಲ್ಲ. ಎದ್ದು, ಧೋತರ ಸರಿಮಾಡಿಕೊಂಡು, ರಸ್ತೆಯ ಅಂಚಿನ ತನಕ ಹೋದರು. ದಾಟಲಿಲ್ಲ. ಅಲ್ಲೇ ನಿಂತು, "ಸಾವಕಾರ್ರ" ಎಂದರು. ಕಾಕಾ ಮುಖ ತಿರುಗಿಸಿದರು. "ಮನೀಗೆ ಬರ್ರಿ. ನೀರ ಕುಡದ ಹೋಗೀರಂತ."

ಕಾಕಾ ಚಪ್ಪಲಿ ಮೆಟ್ಟಿಕೊಂಡರು, ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡರು, ರಸ್ತೆ ದಾಟಿದರು. ಕಟ್ಟೆ ಹತ್ತಿದರು. ಅಲ್ಲಿ ಅಪ್ಪನ ಕಾಲು ಒಮ್ಮೆ ತಡೆಯಿತು. ಆಮೇಲೆ ಅವರೇ ಬಾಗಿಲು ಪೂರಾ ತೆರೆದು ಬದಿಗೆ ಸರಿದರು. ನಡುಮನೆಯಲ್ಲಿ ಕಾಕಾ ತಲೆ ಎತ್ತಿ ನೋಡಿದರು. ದೂಳು ಹಿಡಿದ ಚುಕ್ಕಿ ಅವರ ತಲೆಯ ಮೇಲೆಯೇ ತೂಗುತ್ತಿತ್ತು.

"ಇದನ್ಯಾಕ ಒಳಗ ಕಟ್ಟೀರಿ?" ಎಂದರು.

ಅಪ್ಪ ಚರಗಿ ತುಂಬಿ ತಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಕಾಕಾ ಕುರ್ಚಿಯ ಮೇಲೆ ಕುಳಿತು ಚರಗಿ ಬಾಯಿಗೆ ಎತ್ತಿದರು. ನಾನು ಬಾಗಿಲಲ್ಲಿ ನಿಂತು ಅವರ ಗಂಟಲನ್ನೇ ನೋಡುತ್ತಿದ್ದೆ. ಮರ್ಯಾದೆಗೆ ಒಂದು ಗುಟುಕು ಕುಡಿದು ಇಟ್ಟುಬಿಡುತ್ತಾರೋ, ತುಟಿಗೆ ತಾಗಿಸಿದ ಹಾಗೆ ಮಾಡಿ ಕೆಳಗಿಡುತ್ತಾರೋ ಎಂದು. ಗಂಟಲು ಏರಿತು, ಇಳಿಯಿತು. ಮತ್ತೆ ಏರಿತು. ಚರಗಿಯ ತಳ ಪೂರಾ ಮೇಲಾಗುವ ತನಕ ಅವರು ಅದನ್ನು ಇಳಿಸಲಿಲ್ಲ. ಆಮೇಲೆ ವಸ್ತ್ರದಿಂದ ಬಾಯಿ ಒರೆಸಿಕೊಂಡು, ಖಾಲಿ ಚರಗಿಯನ್ನು ಅಪ್ಪನ ಕಡೆಗೆ ಚಾಚಿದರು.

"ಇನ್ನೊಂದು ಕೊಡ್ರಿ" ಎಂದರು.